ಐದು ಸೆಂಟ್ಸಿನ ಮನೆ: ನೋಂದಣಿಯ ಮರುದಿನದ ಲೆಕ್ಕ

ಉಡುಪಿಯ ಅಂಬಲಪಾಡಿಯಲ್ಲಿ ಐದು ಸೆಂಟ್ಸ್ ಜಾಗ, ಅದರಲ್ಲಿ 1,000 ಚದರಡಿಯ ತಾರಸಿ ಮನೆ, ಒಂದು ಬಾವಿ, ಪತ್ರದಲ್ಲಿ ಕಾಣಿಸಿದ ಬೆಲೆ 60 ಲಕ್ಷ ರೂಪಾಯಿ. ಇದು ಲೆಕ್ಕ ಹಾಕಲು ಕಲ್ಪಿಸಿಕೊಂಡ ಮನೆ. ಆದರೆ ಹೆದ್ದಾರಿಯಿಂದ ಕಿದಿಯೂರಿನ ಕಡೆ ಇಳಿದರೆ ಇಂಥ ಮನೆ ಹುಡುಕಬೇಕಾಗಿಲ್ಲ.

ಮುದ್ರಾಂಕ ಶುಲ್ಕ ಶೇ. 5ರಂತೆ 3 ಲಕ್ಷ. ಆ ಶುಲ್ಕದ ಮೇಲೆ ಶೇ. 10 ಸೆಸ್, 30,000. ಸರ್ಚಾರ್ಜು ಪಂಚಾಯತ್ ವ್ಯಾಪ್ತಿಯಾದರೆ 9,000, ನಗರಸಭೆಯಾದರೆ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದ್ದರಿಂದ 1.2 ಲಕ್ಷ. ಒಟ್ಟು 4.59 ಲಕ್ಷ, ಇಲ್ಲವೇ 4.56 ಲಕ್ಷ. ಇಷ್ಟು ಕಟ್ಟಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊರಬಂದವರಿಗೆ ಕೈಯಲ್ಲಿ ಉಳಿದ ಹಣವನ್ನು ಬಣ್ಣಕ್ಕೂ ಒಕ್ಕಲಿನ ಊಟಕ್ಕೂ ಹಂಚುವ ಉಮೇದು ಬರುತ್ತದೆ. ನನ್ನನ್ನು ಕೇಳಿದರೆ ಮೊದಲ ವರ್ಷದ ದುಡ್ಡು ಕಾಗದಕ್ಕೆ ಮತ್ತು ನೀರಿಗೆ ಹೋಗಬೇಕು. ಬಣ್ಣ ಕಾಯಲಿ.

ಕಾಗದದಲ್ಲಿ ದೊಡ್ಡ ಗಂಡಾಂತರ ಇರುವುದು ಮಾರಿದವರ ವಿಳಾಸದಲ್ಲಿ. ಉಡುಪಿಯ ಮನೆಗಳನ್ನು ಮಾರುವವರಲ್ಲಿ ಮುಂಬೈಯವರೂ ಇದ್ದಾರೆ, ಗಲ್ಫಿನವರೂ ಇದ್ದಾರೆ. ಮುಂಬೈಯವರಾದರೆ ಬೆಲೆ 50 ಲಕ್ಷ ಮುಟ್ಟಿದ ಮೇಲೆ ಶೇ. 1 ಟಿಡಿಎಸ್ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಿದರೆ ಆಯಿತು. 60 ಲಕ್ಷಕ್ಕೆ 60,000. ಆದರೆ ದುಬೈಯಲ್ಲಿರುವವರು ತೆರಿಗೆ ಲೆಕ್ಕದಲ್ಲಿ ಅನಿವಾಸಿಗಳು. ಅವರಿಗೆ 50 ಲಕ್ಷದ ಮಿತಿಯೇ ಇಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅವರ ಕೈಯಲ್ಲಿದ್ದ ಆಸ್ತಿಯಾದರೆ ಶೇ. 12.5, ಅದರ ಮೇಲೆ ಸರ್ಚಾರ್ಜು, ಸೆಸ್ಸು ಸೇರಿ ಈ ಮೊತ್ತಕ್ಕೆ ಶೇ. 14.3. ಮಾರುವವರು ಕಡಿಮೆ ದರದ ಪ್ರಮಾಣಪತ್ರ ತಂದಿರದಿದ್ದರೆ ಪೂರ್ತಿ ಬೆಲೆಯ ಮೇಲೆ ಮುರಿಯಬೇಕು: 8,58,000 ರೂಪಾಯಿ. ಮುರಿಯದೆ ಹಣ ಕೊಟ್ಟುಬಿಟ್ಟರೆ ಇಲಾಖೆ ಬರುವುದು ಕೊಂಡವರ ಬಾಗಿಲಿಗೆ. ಶೇ. 1ರ ಬಾಬತ್ತಿನಲ್ಲೂ ಗಡುವು ಇದೆ. ಹಣ ಮುರಿದ ತಿಂಗಳು ಮುಗಿದ 30 ದಿನದೊಳಗೆ ವಿವರಪತ್ರ ಸಲ್ಲಿಸಬೇಕು, ತಪ್ಪಿದರೆ ದಿನಕ್ಕೆ 200 ರೂಪಾಯಿ. ನೂರು ದಿನ ಮರೆತರೆ 20,000, ಬಡ್ಡಿ ಬೇರೆ.

ಮುಂದಿನದು ಖಾತೆ. 2024ರ ಅಕ್ಟೋಬರ್ 7ರಿಂದ ರಾಜ್ಯದಲ್ಲೆಲ್ಲ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಹಾಗಾಗಿ ಖಾತೆ ಇದ್ದೇ ಇರುತ್ತದೆ, ಆದರೆ ಯಾರ ಹೆಸರಿನಲ್ಲಿ ಎಂಬುದೇ ಪ್ರಶ್ನೆ. ನಗರಸಭೆಗೆ ಸೇರಿದ ಬಾಗಿಲಾದರೆ ಇ-ಆಸ್ತಿ. ಪಂಚಾಯತಿಗೆ ಸೇರಿದ್ದಾದರೆ ಇ-ಸ್ವತ್ತು, ಅಂದರೆ ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಓಡಾಡುವ 9/11. ಕನ್ವರ್ಷನ್ ಆದ ಜಾಗಕ್ಕೆ ಪಹಣಿಯೂ ಇರುತ್ತದೆ, ಅದರಲ್ಲೂ ಹೆಸರು ಬದಲಾಗಬೇಕು. ತಕರಾರಿಲ್ಲದ ಕ್ರಯಪತ್ರಕ್ಕೆ ಮ್ಯುಟೇಶನ್ನಿನ ಕಾಯುವ ಅವಧಿಯನ್ನು 2023ರಲ್ಲಿ 30 ದಿನದಿಂದ 7ಕ್ಕೆ ಇಳಿಸಿದ್ದಾರೆ. ಎರಡು ತಿಂಗಳಾದರೂ ಹಳೆ ಹೆಸರೇ ಇದ್ದರೆ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹೊಸ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದು, ನಿಮ್ಮ ಕ್ರಯ ಅದರಲ್ಲಿ ಬಂದಿದೆಯೇ ಎಂದೂ ನೋಡಿಕೊಳ್ಳಿ.

ಮೆಸ್ಕಾಂನ ಆರ್‌ಆರ್ ನಂಬರನ್ನು ಹೆಸರಿಗೆ ಮಾಡಿಸಿಕೊಳ್ಳುವುದನ್ನು ಜನ ವರ್ಷಗಟ್ಟಲೆ ಮುಂದೂಡುತ್ತಾರೆ. ಹಳೆ ಮನೆಯವರ ಗೃಹಜ್ಯೋತಿ ಅದೇ ಮೀಟರಿಗೆ ಅಂಟಿಕೊಂಡಿದ್ದರೆ ಡಿ-ಲಿಂಕ್ ಮಾಡಿಸಿ ಹೊಸದಾಗಿ ಅರ್ಜಿ ಹಾಕಬೇಕು. 2025-26ರ ದರದಲ್ಲಿ ಕಿಲೋವಾಟಿಗೆ ತಿಂಗಳಿಗೆ 145 ರೂ. ನಿಗದಿತ ಶುಲ್ಕ, ಯೂನಿಟ್ಟಿಗೆ 5.80, ಜತೆಗೆ ಪಿಂಚಣಿ ಬಾಬ್ತು 36 ಪೈಸೆ. ಮೂರು ಕಿಲೋವಾಟಿನ ಮನೆಯಲ್ಲಿ ಏಪ್ರಿಲ್ ಸೆಕೆಗೆ 250 ಯೂನಿಟ್ ಉರಿಸಿದರೆ ತೆರಿಗೆ ಬಿಟ್ಟು 1,975 ರೂಪಾಯಿ. ಗೃಹಜ್ಯೋತಿ ಯೋಜನೆಯಲ್ಲಿ ಇಲ್ಲದ ಮನೆಗೆ ಬೀಗ ಹಾಕಿಟ್ಟರೂ ಆ ದರದಲ್ಲಿ ವರ್ಷಕ್ಕೆ 5,220 ರೂ. ನಿಗದಿತ ಶುಲ್ಕ ತಪ್ಪದು.

ಇನ್ನು ನೀರು.

ಐದು ಸೆಂಟ್ಸ್ ಅಂದರೆ 2,178 ಚದರಡಿ. ಜಾಗ ಚೌಕವಾಗಿದ್ದರೆ ಒಂದೊಂದು ಬದಿ 46 ಅಡಿ 8 ಇಂಚು, ಮೂಲೆಯಿಂದ ಮೂಲೆಗೆ 66 ಅಡಿ. ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ 59 ಅಡಿ ದೂರ ಇರಬೇಕು ಎನ್ನುತ್ತದೆ ಭಾರತೀಯ ಮಾನಕ 2470. ಈಗ ಒಂದು ಹಾಳೆಯಲ್ಲಿ ಗೆರೆ ಹಾಕಿ ನೋಡಿ. ಬಾವಿ ಒಂದು ಮೂಲೆಯಲ್ಲೂ ಗುಂಡಿ ಅದರ ಎದುರು ಮೂಲೆಯಲ್ಲೂ ಇದ್ದರೆ ಮಾತ್ರ ಅಷ್ಟು ದೂರ ಸಿಗುತ್ತದೆ. ಬೇರೆ ಯಾವ ಜೋಡಣೆಗೂ ಜಾಗವಿಲ್ಲ. ಅದೂ ನಿಮ್ಮ ಗುಂಡಿಯ ಲೆಕ್ಕ. ಪಕ್ಕದ ಮನೆಯವರ ಗುಂಡಿ ನಿಮ್ಮ ಬಾವಿಯಿಂದ ಎಷ್ಟು ದೂರ ಎಂದು ಮನೆ ನೋಡಲು ಹೋದಾಗ ಯಾರೂ ಅಳೆಯುವುದಿಲ್ಲ. ಟೈಲ್ಸು, ಬಾಗಿಲಿನ ಮರ, ಕಾರು ತಿರುಗುತ್ತದೆಯೇ ಎಂಬಷ್ಟನ್ನೇ ನೋಡುತ್ತಾರೆ. ಒಂದು ಹಿತ್ತಿಲು ಮೂರು-ನಾಲ್ಕು ಪಾಲಾಗಿ, ಪಾಲಿಗೊಂದು ಮನೆ, ಮನೆಗೊಂದು ಬಾವಿ, ಮತ್ತೊಂದು ಗುಂಡಿ ಆದ ಕಡೆ ಈ ಅಳತೆ ಕೂಡಿಬರುವುದು ಕಷ್ಟ. ಮುರಕಲ್ಲಿನ ನೆಲ ತೂತು ತೂತು, ಮಳೆಗಾಲದಲ್ಲಿ ನೀರು ಅದರೊಳಗೆ ಬೇಗ ಹರಿಯುತ್ತದೆ.

ಆದ್ದರಿಂದ ಒಕ್ಕಲಿಗೆ ಮೊದಲೇ ಬಾವಿನೀರಿನ ಪರೀಕ್ಷೆ ಮಾಡಿಸಿ, ಮಳೆ ಹಿಡಿದ ಮೇಲೆ ಇನ್ನೊಮ್ಮೆ. ಕುಡಿಯುವ ನೀರಿನ ಮಾನಕ 10500ರ ಪ್ರಕಾರ 100 ಮಿಲಿ ಲೀಟರಿನಲ್ಲಿ ಇ. ಕೋಲಿ ಒಂದೂ ಇರಕೂಡದು. ಪಿಎಚ್ 6.5ರಿಂದ 8.5, ನೈಟ್ರೇಟ್ 45 ಮಿಲಿಗ್ರಾಂ ಒಳಗೆ, ಕ್ಲೋರೈಡ್ 250ರ ಒಳಗೆ ಇದ್ದರೆ ಒಳ್ಳೆಯದು. ಕಡಲಿಗೆ ಹತ್ತಿರದ ಬಾವಿಗಳಲ್ಲಿ ಬೇಸಗೆಯ ಕೊನೆಗೆ ಈ ಕ್ಲೋರೈಡೇ ಏರುವುದು. ಅದಕ್ಕಾಗಿ ಮೇ ತಿಂಗಳ ನೀರನ್ನೇ ಪರೀಕ್ಷಿಸಬೇಕು, ಆಗಸ್ಟಿನದು ಎಲ್ಲರಿಗೂ ಸಿಹಿ. ಕೆಸರು ತೆಗೆಸಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕುವಾಗ ಕೈಗೆ ಬಂದಷ್ಟು ಸುರಿಯುವವರೇ ಹೆಚ್ಚು. 3 ಮೀಟರ್ ಅಗಲ, 4 ಮೀಟರ್ ನೀರಿದ್ದರೆ ಬಾವಿಯಲ್ಲಿರುವುದು ಸುಮಾರು 28,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ 70 ಗ್ರಾಂ ಸಾಕು. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸಬಹುದು.

ಪ್ರಮಾಣದ ಮಾತಿಗೆ ಬರೋಣ. ನಗರದ ಮಾನದಂಡದಂತೆ ತಲೆಗೆ ದಿನಕ್ಕೆ 135 ಲೀಟರ್, ಐದು ಜನಕ್ಕೆ 675. ಮಾರ್ಚಿನಿಂದ ಮೇವರೆಗಿನ ಸುಮಾರು 90 ದಿನಕ್ಕೆ 60,750 ಲೀಟರ್. 5,000 ಲೀಟರಿನ ಟ್ಯಾಂಕರಿನಲ್ಲಿ ಹನ್ನೆರಡು ಲೋಡು. ನಳ್ಳಿ ಇದೆಯಲ್ಲ ಎಂದು ನೆಮ್ಮದಿಯಾಗಿರುವಂತಿಲ್ಲ. ಉಡುಪಿಗೆ ನೀರುಣಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು 2019ರ ಮೇಯಲ್ಲಿ ತಳ ಕಂಡಿತ್ತು. ಇತ್ತ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರಿನಲ್ಲಿ 1,000 ಚದರಡಿಯ ಮಾಡಿನ ಮೇಲೆ ಸುರಿಯುವುದು 3.7 ಲಕ್ಷ ಲೀಟರ್, ಆ ಮನೆಯ ವರ್ಷದ ಖರ್ಚಾದ 2.46 ಲಕ್ಷಕ್ಕಿಂತ ಎಷ್ಟೋ ಹೆಚ್ಚು. ಆದರೆ ಮಳೆನೀರನ್ನು ಬಾವಿಗೆ ಬಿಟ್ಟರೆ ಬೇಸಗೆ ಕಳೆಯಿತು ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಜುಲೈಯಲ್ಲಿ ಬಾವಿ ಹೇಗೂ ಮೇಲೆ ಬಂದಿರುತ್ತದೆ, ಆಗ ಬಿಟ್ಟದ್ದು ನೆಲದೊಳಗಿಂದಲೇ ಕಡಲಿನ ಕಡೆ ಇಳಿದುಹೋಗುತ್ತದೆ. ಉಪಯೋಗಕ್ಕೆ ಬರುವುದು ಅಕ್ಟೋಬರ್-ನವೆಂಬರಿನ ಮಳೆ. ಆಗ ಬಿದ್ದ ಪ್ರತಿ 100 ಮಿ.ಮೀ.ಯಲ್ಲಿ ಐದನೇ ಒಂದು ಪಾಲು ಪೋಲಾದರೂ 7,400 ಲೀಟರ್, ಹನ್ನೊಂದು ದಿನದ ಖರ್ಚು. ಪೈಪು, ಸೋಸುವ ಡ್ರಮ್ಮು ಸೆಪ್ಟೆಂಬರಿನೊಳಗೆ ಕೂತಿರಬೇಕು.

ಬಣ್ಣದ ವಿಷಯ ಚುಟುಕಾಗಿ. ಸಾವಿರ ಚದರಡಿಯ ಮನೆಗೆ ಒಳಗೋಡೆ, ಸೀಲಿಂಗ್ ಸೇರಿ 3,000 ಚದರಡಿ ಹಿಡಿಯಿರಿ. ಚದರಡಿಗೆ 20 ರೂಪಾಯಿಯಂತೆ ಹಿಡಿದರೂ 60,000. ಇಷ್ಟನ್ನು ಮೇಯಲ್ಲಿ ಬಳಿದು ಜುಲೈಯಲ್ಲಿ ಗುಳ್ಳೆ ಏಳುವುದನ್ನು ನೋಡುವ ಬದಲು ಒಂದು ಮಳೆಗಾಲ ಹಳೆ ಬಣ್ಣದಲ್ಲೇ ಇರಿ. ಗೋಡೆಯ ಯಾವ ಮೂಲೆ ಒದ್ದೆಯಾಗುತ್ತದೆ, ಪಡುವಣ ಕಿಟಕಿಗೆ ಎರಚಲು ಎಲ್ಲಿವರೆಗೆ ಬರುತ್ತದೆ ಎಂದು ಗುರುತು ಹಾಕಿಕೊಂಡು ದೀಪಾವಳಿ ಕಳೆದ ಮೇಲೆ ಕೆಲಸದವರನ್ನು ಕರೆಯಿರಿ. ನೆರೆಮನೆಯವರಲ್ಲಿ ಒಂದೇ ಪ್ರಶ್ನೆ ಕೇಳುವುದಿದ್ದರೆ, 2020ರ ಸೆಪ್ಟೆಂಬರ್ 20ರ ನೆರೆಯ ದಿನ ಇಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೇಳಿ. ಒಂದು ದಿನ 100 ಮಿ.ಮೀ. ಸುರಿದರೆ ಐದು ಸೆಂಟ್ಸಿನಲ್ಲೇ 20,000 ಲೀಟರ್ ಬೀಳುತ್ತದೆ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಸುವ ಮೊದಲು ಅದು ಹೋಗುವ ದಾರಿ ಗೊತ್ತಿರಬೇಕು.

ವಿಮೆಗೆ 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿನ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಸಿಡಿಲು, ಬಿರುಗಾಳಿ, ನೆರೆ ಎಲ್ಲ ಅದರಲ್ಲಿ ಬರುತ್ತದೆ. 60 ಲಕ್ಷಕ್ಕೆ ಮಾಡಿಸಬೇಕಾಗಿಲ್ಲ, ಜಾಗವನ್ನು ಸಿಡಿಲು ಒಯ್ಯುವುದಿಲ್ಲ. ಮತ್ತೆ ಕಟ್ಟಲು ಚದರಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ 20 ಲಕ್ಷ, ಮನೆಯೊಳಗಿನ ಸಾಮಾನಿಗೆ ಅದರ ಶೇ. 20, ಅಂದರೆ 4 ಲಕ್ಷ, ತಾನಾಗಿ ಸೇರುತ್ತದೆ. ಪಾಲಿಸಿಯಲ್ಲಿ ಕಟ್ಟಡ ಎಂದರೆ ಕಂಪೌಂಡ್ ಗೋಡೆಯೂ ಸೇರಿತು. ಗೇಟಿಗೆ 12 ಅಡಿ ಬಿಟ್ಟರೆ ಈ ಜಾಗಕ್ಕೆ 175 ಅಡಿ ಮುರಕಲ್ಲಿನ ಗೋಡೆ ಇದೆ, ಅದರ ಬೆಲೆಯನ್ನೂ ಮೊತ್ತದಲ್ಲಿ ಸೇರಿಸಿ ಬರೆಸಿ. ಪಕ್ಕದ ಜಾಗ ಎತ್ತರವಿದ್ದರೆ ಗೋಡೆಯ ಬುಡದಲ್ಲಿ ನೀರು ಹೋಗುವ ತೂತುಗಳು ಮಣ್ಣು ಮುಚ್ಚಿಕೊಂಡಿವೆಯೇ ಎಂದು ಮೇ ಮುಗಿಯುವುದರೊಳಗೆ ಒಂದು ಕೋಲು ಹಾಕಿ ನೋಡಿ.