ಕನ್ನಡ ಅರ್ಜಿಗಳ ಕಟ್ಟು ಮತ್ತು ಅದರ ಬೀಗ

ಪಂಚಾಯತು ಕಚೇರಿಗೆ, ಗ್ರಾಮ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡಬಹುದೇ ಎಂದು ಕೇಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ಧಾರಾಳವಾಗಿ ಕೊಡಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಲು ಸಂವಿಧಾನದ 350ನೆಯ ವಿಧಿ ಹಕ್ಕು ಕೊಟ್ಟಿದೆ. ಕೇರಳದ 1969ರ ರಾಜಭಾಷಾ ಕಾಯಿದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಲು ಎಡೆ ಮಾಡಿಕೊಟ್ಟಿದೆ. ಹಕ್ಕೇನೋ ಇದೆ, ಕೈಗೆ ಸಿಗದಿರುವುದು ಅಚ್ಚುಕಟ್ಟಾದ ಕನ್ನಡ ನಮೂನೆ.

ಮಲಯಾಳದ ನಮೂನೆ ಯಾವ ಜೆರಾಕ್ಸ್ ಅಂಗಡಿಯಲ್ಲೂ ಸಿಕ್ಕೀತು. ಕನ್ನಡದ್ದನ್ನು ಯಾರೋ ಒಬ್ಬರು ಮಾಸ್ಟ್ರು, ಯಾವುದೋ ಸಂಘದ ಕಾರ್ಯದರ್ಶಿ ರಾತ್ರಿ ಕುಳಿತು ಟೈಪು ಮಾಡಿಟ್ಟಿರುತ್ತಾರೆ. ಅವರ ಕಂಪ್ಯೂಟರು ಕೆಟ್ಟ ದಿನ ನಮೂನೆಯೂ ಹೋಯಿತು. ಮರುದಿನದಿಂದ ನಾವೆಲ್ಲ ಮಲಯಾಳದ ನಮೂನೆಯನ್ನೇ ತುಂಬಿಸಿ ಕೊಟ್ಟು ಬರುತ್ತೇವೆ. ಈ ನಮೂನೆಗಳನ್ನು ಒಂದೇ ಕಟ್ಟಾಗಿ ಕಟ್ಟಿ, ಬೇಕಾದುದಕ್ಕೆ ಬೀಗ ಹಾಕಿ ನಾಲ್ಕು ಕಡೆ ಇಡುವ ಕೆಲಸ ಕಷ್ಟದ್ದೇನಲ್ಲ. ಆದರೆ ಕೆಲವು ಸಂಗತಿ ತಿಳಿಯದೆ ಮಾಡಿದರೆ ಇಟ್ಟೂ ಇಲ್ಲದಂತಾಗುತ್ತದೆ.

ಕಟ್ಟುವ ಕೆಲಸಕ್ಕೆ ‘ಜಿಪ್ ಮಾಡುವುದು’ ಎನ್ನುತ್ತಾರೆ. 1989ರಲ್ಲಿ ಅಮೆರಿಕದ ಫಿಲ್ ಕ್ಯಾಟ್ಜ್ ಎಂಬವರು ರೂಪಿಸಿದ ವಿಧಾನ ಇದು. ಬರಹದಲ್ಲಿ ಒಮ್ಮೆ ಬಂದ ಅಕ್ಷರಗಳ ಸಾಲು ಮತ್ತೆ ಬಂದರೆ ಅದನ್ನು ಪುನಃ ಬರೆಯದೆ, ‘ಇಷ್ಟು ಹಿಂದಕ್ಕೆ ಹೋಗಿ ಇಷ್ಟು ಅಕ್ಷರ ತೆಗೆದುಕೋ’ ಎಂದು ಗುರುತಿಟ್ಟುಕೊಳ್ಳುವುದೇ ಇದರ ಒಳಗುಟ್ಟು. ಕನ್ನಡಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಈಗಿನ ಯೂನಿಕೋಡ್ ಪದ್ಧತಿಯ ಫೈಲುಗಳಲ್ಲಿ ಸಾಮಾನ್ಯವಾಗಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು ಬೇಕು. ಆ ಮೂರರಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡೇ ಬಗೆ. ಇಷ್ಟೊಂದು ಪುನರಾವರ್ತನೆ ಇರುವಾಗ ಗಾತ್ರ ಇಳಿಯದೆ ಏನು ಮಾಡೀತು?

ಹಾಗಿದ್ದೂ ‘ಜಿಪ್ ಮಾಡಿದರೂ ಗಾತ್ರ ಕಡಿಮೆಯಾಗಲಿಲ್ಲ’ ಎಂಬ ದೂರು ಆಗಾಗ ಕೇಳಿಬರುತ್ತದೆ. ಕಾರಣ ಸರಳ. 2007ರ ಆಫೀಸಿನೊಂದಿಗೆ ಬಂದ ವರ್ಡಿನ ಹೊಸ ಬಗೆಯ ಫೈಲುಗಳೂ, ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿರುವ ಲಿಬ್ರೆ ಆಫೀಸಿನ ಫೈಲುಗಳೂ ಸ್ವತಃ ಜಿಪ್ ಕಟ್ಟುಗಳೇ. ಒಮ್ಮೆ ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ಎಷ್ಟು ನೀರು ಬಂದೀತು! ಇಂಥಲ್ಲಿ ಜಿಪ್ಪಿನಿಂದ ಸಿಗುವ ಲಾಭ ಗಾತ್ರದ್ದಲ್ಲ. ಇಪ್ಪತ್ತು ನಮೂನೆಗಳು ಚದರದೆ ಒಂದೇ ಫೈಲಾಗಿ ವಾಟ್ಸಾಪಿನಲ್ಲೋ ಪೆನ್‌ಡ್ರೈವಿನಲ್ಲೋ ಹೋಗುತ್ತವೆ ಎಂಬುದು. ಹಾಗೆಯೇ ಬೀಗ ಹಾಕಿದ ಬಳಿಕ ಹಿಂಡಲು ಬರುವುದಿಲ್ಲ. ಬೀಗ ಹಾಕುವುದೆಂದರೆ ಬರಹವನ್ನು ಯಾವ ಪುನರಾವರ್ತನೆಯೂ ಕಾಣದಂತೆ ಕಲಸಿಬಿಡುವುದು. ಆದ್ದರಿಂದ ಮೊದಲು ಹಿಂಡುವುದು, ಆಮೇಲೆ ಬೀಗ. ಜಿಪ್ ತಂತ್ರಾಂಶಗಳು ತಾವೇ ಈ ಕ್ರಮದಲ್ಲಿ ನಡೆದುಕೊಳ್ಳುತ್ತವೆ.

ಇನ್ನು ಬೀಗದ ವಿಚಾರ. ಖಾಲಿ ನಮೂನೆಗೆ ಬೀಗವೇ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದು ಎಷ್ಟು ಮನೆಗೆ ಹೋದರೆ ಅಷ್ಟು ಒಳ್ಳೆಯದು. ಬೀಗ ಬೇಕಾದುದು ಬೇರೆ ಎರಡಕ್ಕೆ. ಒಂದು, ಸಂಘದ ಮೊಹರು ಮತ್ತು ಅಧ್ಯಕ್ಷರ ಸಹಿಯ ಚಿತ್ರವನ್ನು ಸೇರಿಸಿಟ್ಟ ಪತ್ರದ ನಮೂನೆ. ಅದು ಪರರ ಕೈಗೆ ಸಿಕ್ಕಿದರೆ ಸಂಘದ ಹೆಸರಿನಲ್ಲಿ ಯಾರೂ ಏನನ್ನೂ ಬರೆಯಬಹುದು. ಇನ್ನೊಂದು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲ ತುಂಬಿಸಿ ಉಳಿಸಿಕೊಂಡ ಅರ್ಜಿಗಳು.

ಇವನ್ನೂ ಖಾಲಿ ನಮೂನೆಗಳನ್ನೂ ಒಟ್ಟಿಗೆ ಕಟ್ಟಿ ಒಂದೇ ಪಾಸ್‌ವರ್ಡು ಕೊಡುವುದು ಹಲವರ ರೂಢಿ. ಇಲ್ಲೇ ಅಪಾಯ ಅಡಗಿದೆ. ಜಿಪ್ಪಿನ ಹಳೆಯ ಬೀಗವನ್ನು ಬಿಡಿಸುವ ದಾರಿಯನ್ನು ಎಲಿ ಬಿಹಾಮ್ ಮತ್ತು ಪಾಲ್ ಕೋಚರ್ ಎಂಬ ವಿದ್ವಾಂಸರು 1994ರಲ್ಲೇ ತೋರಿಸಿಕೊಟ್ಟರು. ಕಟ್ಟಿನೊಳಗಿನ ಯಾವುದಾದರೂ ಒಂದು ಫೈಲಿನ ಬೀಗವಿಲ್ಲದ ಪ್ರತಿ ಕಳ್ಳನ ಬಳಿ ಇದ್ದರೆ ಸಾಕು, ಎರಡನ್ನೂ ತಾಳೆ ನೋಡಿ ಒಳಗಿನ ಕೀಲಿಯನ್ನು ಲೆಕ್ಕ ಹಾಕಬಹುದು. ಅದೇ ಪಾಸ್‌ವರ್ಡಿನ ಉಳಿದ ಫೈಲುಗಳೂ ತೆರೆದುಕೊಳ್ಳುತ್ತವೆ. ಪಾಸ್‌ವರ್ಡು ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ. ಊರಿಗೆಲ್ಲ ಹಂಚಿದ ಖಾಲಿ ನಮೂನೆಯೇ ಆ ಕೀಲಿಯಾಗುವುದೆಂದರೆ ಹೇಗೆ? ಆದ್ದರಿಂದ ಎರಡು ಕಟ್ಟು ಬೇರೆ ಬೇರೆ ಇರಲಿ.

ಬೀಗವೂ ಹೊಸದೇ ಆಗಿರಲಿ. ಬೆಲ್ಜಿಯಮಿನ ಇಬ್ಬರು ರೂಪಿಸಿದ, 2001ರಲ್ಲಿ ಅಮೆರಿಕ ಸರಕಾರ ಅಂಗೀಕರಿಸಿದ ಎ.ಇ.ಎಸ್. ಎಂಬ ಪದ್ಧತಿಗೆ ಮೇಲಿನ ಉಪಾಯ ನಾಟುವುದಿಲ್ಲ. ಸೆವೆನ್-ಜಿಪ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಜಿಪ್ ಬಗೆಯನ್ನು ಆರಿಸಿದರೆ ಹಳೆಯ ಬೀಗವೇ ಮುಂದೆ ಬಂದು ನಿಲ್ಲುತ್ತದೆ, ನಾವಾಗಿ ‘ಎ.ಇ.ಎಸ್.-256’ ಎಂದು ಬದಲಾಯಿಸಬೇಕು. ಹೀಗೆ ಮಾಡಿದ ಕಟ್ಟು ಕೆಲವು ಫೋನುಗಳಲ್ಲಿ, ಕೆಲವು ಕಂಪ್ಯೂಟರುಗಳಲ್ಲಿ ನೇರವಾಗಿ ತೆರೆಯದು. ಅಲ್ಲೂ ಇಂಥದೇ ತಂತ್ರಾಂಶ ಬೇಕಾದೀತು.

ಮತ್ತೊಂದು ಮಾತು. ಜಿಪ್ಪಿನ ಬೀಗ ಫೈಲಿನ ಒಳಗನ್ನು ಮಾತ್ರ ಮುಚ್ಚುತ್ತದೆ, ಹೆಸರನ್ನಲ್ಲ. ಫೈಲಿಗೆ ‘ಇಂಥವರ ವಿಧವಾ ವೇತನದ ಅರ್ಜಿ’ ಎಂದು ಹೆಸರಿಟ್ಟರೆ ಪಾಸ್‌ವರ್ಡಿಲ್ಲದೆಯೂ ಯಾರೂ ಓದಬಹುದು. ಸೆವೆನ್-ಜಿಪ್ಪಿನ ಸ್ವಂತ ಬಗೆಯ ಕಟ್ಟಿನಲ್ಲಿ ಹೆಸರುಗಳನ್ನೂ ಮುಚ್ಚುವ ಅನುಕೂಲವಿದೆ. ಕನ್ನಡದಲ್ಲಿ ಇಟ್ಟ ಫೈಲಿನ ಹೆಸರನ್ನು ಕೆಲವು ಹಳೆಯ ತಂತ್ರಾಂಶಗಳು ಗುರುತೇ ಸಿಗದಂತೆ ಕೆಡಿಸುವುದೂ ಉಂಟು. ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ ಬಳಸಿದರೆ ಸುರಕ್ಷಿತ. ಭಾಷಾಭಿಮಾನ ಫೈಲಿನ ಒಳಗಿದ್ದರೆ ಸಾಕು.

ಒಳಗಿನ ಲಿಪಿಯನ್ನೂ ಗಮನಿಸಬೇಕು. ಹಿಂದೆ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ನಮೂನೆಗಳು ಆ ಫಾಂಟು ಇಲ್ಲದ ಅಕ್ಷಯ ಕೇಂದ್ರದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಕಟ್ಟುವ ಮೊದಲೇ ಯೂನಿಕೋಡಿಗೆ ಬದಲಾಯಿಸಬೇಕು.

ಎ.ಇ.ಎಸ್. ಬೀಗಕ್ಕೆ ಬದಲಿ ಕೀಲಿ ಮಾಡಿಕೊಡುವವರು ಯಾರೂ ಇಲ್ಲ. ನಮಗೆ ತಿಳಿದ ಒಂದು ಸಂಘದಲ್ಲಿ ಕಾರ್ಯದರ್ಶಿಗಳು ತೀರಿಕೊಂಡರು. ಪಾಸ್‌ವರ್ಡು ಅವರೊಬ್ಬರಿಗೇ ಗೊತ್ತಿತ್ತು. ವರ್ಷಗಟ್ಟಲೆ ಕೂಡಿಸಿದ ಕನ್ನಡ ಪತ್ರಗಳ ಕಟ್ಟು ಇಂದಿಗೂ ಪೆನ್‌ಡ್ರೈವಿನಲ್ಲಿ ಹಾಗೆಯೇ ಇದೆ, ತೆರೆಯುವವರಿಲ್ಲ. ಉದ್ದದ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ನಡಾವಳಿ ಪುಸ್ತಕವಿರುವ ಕಪಾಟಿನಲ್ಲಿ ಇಟ್ಟು ಇಬ್ಬರಿಗೆ ತಿಳಿಸಿರಬೇಕು. ಪೆನ್‌ಡ್ರೈವು ಮಾತ್ರ ಆ ಕಪಾಟಿನಲ್ಲಿ ಬೇಡ. ಜೂನ್ ತಿಂಗಳಲ್ಲಿ ಶಾಲೆ ತೆರೆದು ಅರ್ಜಿಗಳ ಗಡಿಬಿಡಿ ಸುರುವಾಗುವ ಮೊದಲು ಎರಡೂ ಕಟ್ಟುಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಬದಲಾದ ನಮೂನೆಗಳನ್ನು ಸೇರಿಸಿ ಹೊಸದಾಗಿ ಕಟ್ಟಲು ಒಂದು ಸಂಜೆ ಸಾಕು.