ಕೈಯಲ್ಲಿ ಹಗುರವಾಗಿ ತಿರುಗಿದರೆ ಕ್ಯಾಮ್‌ಶಾಫ್ಟ್ ಸರಿಯಿದೆಯೇ?

ಎಂಜಿನ್ ಬಿಚ್ಚಿ ಕಟ್ಟುವಾಗ ಕ್ರ್ಯಾಂಕ್‌ಶಾಫ್ಟಿಗೆ ಸಿಗುವ ಗಮನ ಕ್ಯಾಮ್‌ಶಾಫ್ಟಿಗೆ ಸಿಗುವುದು ಅಪರೂಪ. ಕ್ಯಾಪ್‌ಗಳನ್ನು ಬಿಗಿದು, ಕೈಯಿಂದ ತಿರುಗಿಸಿ, ಎಲ್ಲೂ ಹಿಡಿಯದಿದ್ದರೆ ಬೇರಿಂಗ್ ಸರಿಯಿದೆ ಎಂದುಕೊಳ್ಳುವುದು ರೂಢಿ. ಈ ನಂಬಿಕೆ ಅರ್ಧ ಮಾತ್ರ ನಿಜ. ಶಾಫ್ಟ್ ಬಿಗಿಯಾಗಿದ್ದರೆ ಕೈಗೆ ಗೊತ್ತಾಗುತ್ತದೆ, ಸಡಿಲವಾಗಿದ್ದರೆ ಗೊತ್ತಾಗುವುದಿಲ್ಲ. ಸವೆದ ಜರ್ನಲ್, ಅಂದರೆ ಬೇರಿಂಗಿನೊಳಗೆ ಕೂರುವ ಶಾಫ್ಟಿನ ದುಂಡು ಭಾಗ, ಹೊಸದಕ್ಕಿಂತಲೂ ಹಗುರವಾಗಿ ತಿರುಗುತ್ತದೆ. ಅನೇಕ ಕಾರುಗಳ ಎಂಜಿನ್ನಿನಲ್ಲಿ ಜರ್ನಲ್ ಮತ್ತು ಅದು ಕೂರುವ ಬೋರಿನ ನಡುವೆ ಇರಬೇಕಾದ ಸಂದು, ಅಂದರೆ ಕ್ಲಿಯರೆನ್ಸ್, ಸುಮಾರು 0.03ರಿಂದ 0.08 ಮಿ.ಮೀ., ಅಂದರೆ ತಲೆಗೂದಲಿನ ದಪ್ಪದ ಆಸುಪಾಸು. ಅಷ್ಟು ಸಣ್ಣ ವ್ಯತ್ಯಾಸವನ್ನು ಅಳತೆಯೇ ಹೇಳಬೇಕು.

ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ, ಅದಕ್ಕೆ ಇಷ್ಟು ನಿಖರತೆ ಯಾಕೆ ಎಂಬ ಆಕ್ಷೇಪವಿದೆ. ವೇಗ ಅರ್ಧವೆಂಬುದು ಸರಿ. ಆದರೆ ವೇಗ ಕಡಿಮೆಯಾದಷ್ಟೂ ಜರ್ನಲನ್ನು ಎತ್ತಿ ಹಿಡಿಯುವ ಎಣ್ಣೆಯ ಪದರ ತೆಳುವಾಗುತ್ತದೆ, ವಾಲ್ವ್ ಸ್ಪ್ರಿಂಗುಗಳ ಒತ್ತಡವಂತೂ ತಪ್ಪುವುದಿಲ್ಲ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಈ ಸಂದು ಇಡೀ ಎಂಜಿನ್ನಿನ ಎಣ್ಣೆ ಹರಿವಿನ ಭಾಗ. ಸಂದಿನಿಂದ ಸೋರುವ ಎಣ್ಣೆ ಕ್ಲಿಯರೆನ್ಸಿನ ಘನಕ್ಕೆ ಅನುಗುಣವಾಗಿ ಏರುತ್ತದೆ: ಅಂತರ ಎರಡು ಪಟ್ಟಾದರೆ, ಅದೇ ಒತ್ತಡದಲ್ಲಿ ಸೋರಿಕೆ ಸುಮಾರು ಎಂಟು ಪಟ್ಟು. ಎಂಜಿನ್ ಕಾದು ಐಡಲಿಂಗ್‌ನಲ್ಲಿದ್ದಾಗ ಎಣ್ಣೆಯ ಒತ್ತಡ ಕುಸಿಯಲು ಇದೂ ಒಂದು ಕಾರಣ. ದಪ್ಪ ಆಯಿಲ್ ಹಾಕಿದರೆ ಗೇಜಿನ ಮುಳ್ಳು ಮೇಲೇರೀತು, ಸವೆತ ಹಾಗೆಯೇ ಉಳಿಯುತ್ತದೆ.

ಅಲ್ಯೂಮಿನಿಯಂ ಹೆಡ್‌ನಲ್ಲಿ ಬೇರೆ ಬೇರಿಂಗೇ ಇಲ್ಲ, ಅಳೆಯುವುದೇನನ್ನು ಎಂದು ಕೇಳುವವರಿದ್ದಾರೆ. ಅಂಥ ಹಲವು ಎಂಜಿನ್ನುಗಳಲ್ಲಿ ಹೆಡ್‌ನ ಲೋಹವೇ ಬೇರಿಂಗ್. ಆದ್ದರಿಂದಲೇ ಅಲ್ಲಿ ಅಳತೆ ಹೆಚ್ಚು ಅಗತ್ಯ, ಏಕೆಂದರೆ ಸವೆದರೆ ಬದಲಿಸಲು ಬೇರಿಂಗ್ ಶೆಲ್ ಇರುವುದಿಲ್ಲ. ಕ್ಯಾಪ್‌ಗಳನ್ನು ಹೆಡ್‌ಗೆ ಕೂರಿಸಿಯೇ ಬೋರ್ ಮಾಡಿರುವುದರಿಂದ ಅವುಗಳ ಜಾಗ, ದಿಕ್ಕು ಅದಲುಬದಲಾಗಬಾರದು. ಕ್ಯಾಪನ್ನು ಅರದಿಂದ ಉಜ್ಜಿ ಸಡಿಲ ತೆಗೆಯುತ್ತೇವೆ ಎಂಬುದೂ ತಪ್ಪು. ಅದರಿಂದ ದುಂಡಗಿನ ಬೋರ್ ಅಂಡಾಕಾರವಾಗುತ್ತದೆ. ಕಾದು ಬಾಗಿದ ಹೆಡ್‌ನ ತಳ ಮಟ್ಟ ಮಾಡಿಸಿದ ಮಾತ್ರಕ್ಕೆ ಮೇಲಿನ ಬೋರ್‌ಗಳು ಒಂದೇ ಸಾಲಿಗೆ ಬರುವುದಿಲ್ಲ. ಹಳೆಯ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿನಂತೆ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೆ ಇರುವಲ್ಲಿ, ಹೊಸ ಬುಷ್ ಹಾಕಿದರೂ ಅಳೆಯಲೇಬೇಕು. ಒತ್ತಿ ಕೂರಿಸುವಾಗ ಬುಷ್‌ನ ಒಳವ್ಯಾಸ ಕಿರಿದಾಗುತ್ತದೆ.

ಫೀಲರ್ ಗೇಜಿನ ಚಪ್ಪಟೆ ಪಟ್ಟಿ ದುಂಡನೆಯ ಸಂದಿಗೆ ಹೊಂದುವುದಿಲ್ಲ. ಜರ್ನಲನ್ನು ಮೈಕ್ರೋಮೀಟರಿನಿಂದ ಎರಡು ದಿಕ್ಕಿನಲ್ಲಿ, ಬೋರನ್ನು ಬೋರ್ ಗೇಜಿನಿಂದ ಅಳೆದು ಕಳೆಯುವುದು ಒಂದು ದಾರಿ. ಕ್ಯಾಪ್ ಇರುವ ಎಂಜಿನ್ನಿಗೆ ಪ್ಲಾಸ್ಟಿಗೇಜ್ ಸಾಕು. ಟ್ಯಾಪೆಟ್‌ಗಳನ್ನು ತೆಗೆದು, ಎಣ್ಣೆ ಒರೆಸಿ, ಅದರ ಮೆದು ಎಳೆಯನ್ನು ಜರ್ನಲ್ ಮೇಲೆ ಉದ್ದಕ್ಕೆ ಇಟ್ಟು, ಕ್ಯಾಪನ್ನು ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕಿಗೆ ಬಿಗಿದು, ಶಾಫ್ಟನ್ನು ಕೊಂಚವೂ ತಿರುಗಿಸದೆ ಬಿಚ್ಚಬೇಕು. ಎಳೆ ಹೆಚ್ಚು ಅಗಲವಾಗಿದ್ದರೆ ಕ್ಲಿಯರೆನ್ಸ್ ಕಡಿಮೆ. ತಣ್ಣಗಿರುವಾಗ ಅಳೆದರೆ ಕಾದ ಎಂಜಿನ್ನಿಗೆ ಏನು ಉಪಯೋಗ ಎಂಬ ಪ್ರಶ್ನೆಯಲ್ಲಿ ತಿರುಳಿದೆ: ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದರೆ ಆ ಹಿಗ್ಗನ್ನು ಲೆಕ್ಕ ಹಾಕಿಯೇ ತಯಾರಕರು ತಣ್ಣಗಿನ ಅಳತೆಯ ಮಿತಿಯನ್ನು ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುತ್ತಾರೆ. ಮಿತಿ ಮೀರಿದ್ದರೆ ಶಾಫ್ಟ್ ಸವೆದಿದೆಯೋ ಬೋರ್ ಸವೆದಿದೆಯೋ ಎಂಬುದನ್ನು ಮೈಕ್ರೋಮೀಟರ್ ತಿಳಿಸುತ್ತದೆ. ಹೊಸ ಭಾಗಗಳಿಗೆ ಹಣ ಹಾಕುವ ಮೊದಲು ಈ ಅಳತೆ ಮುಗಿದಿರಬೇಕು.