ಮಗ್ಗದ ಊರಿನ ಮಗಳು ವಸ್ತ್ರವಿನ್ಯಾಸ ಕಲಿತಾಗ

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಲ್ಲಿ ಚದುರುತ್ತಿದ್ದಾಗ, ದೊಡ್ಡಬಳ್ಳಾಪುರದ ತಾಯಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಹೊಲಿಗೆಯಿಂದಲೇ ಸಂಸಾರಕ್ಕೆ ಆಸರೆಯಾದವರು ಅವರು. ಪ್ರಥಮ ಪರಮಪ್ರಸಾದ ಸ್ವೀಕರಿಸುವ ಎಷ್ಟೋ ಹೆಣ್ಣುಮಕ್ಕಳ ಬಿಳಿಯ ಉಡುಪು ಅವರ ಯಂತ್ರದ ಮೇಲೆಯೇ ಸಿದ್ಧವಾಗಿದೆ. ಪಿ.ಯು.ಸಿ. ಮುಗಿಸಿದ ಮಗಳು ಫ್ಯಾಷನ್ ಡಿಸೈನ್ ಓದುತ್ತೇನೆಂದು ಹಟ ಹಿಡಿದಿದ್ದಳು. "ಬಟ್ಟೆ ಹೊಲಿಯೋದಕ್ಕೆ ನಾಲ್ಕು ವರ್ಷ ಓದಬೇಕೇನ್ರೀ? ನಾನು ಮೂರು ತಿಂಗಳಲ್ಲಿ ಕಲಿತೆ," ಎಂದರು. ತಂದೆ ಮಾತಾಡಲಿಲ್ಲ. ಅವರ ಚಿಂತೆ ಶುಲ್ಕದ್ದೆಂದು ಮುಖವೇ ಹೇಳುತ್ತಿತ್ತು.

ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ಹೊಲಿಗೆ ಬಾರದ ವಿನ್ಯಾಸಕಾರರು ಕಾಗದದ ಮೇಲೆ ಮಾತ್ರ ವಿನ್ಯಾಸಕಾರರು. ಆದರೆ ಈ ವಿದ್ಯೆಯಲ್ಲಿ ಹೊಲಿಗೆ ಒಂದು ಭಾಗವಷ್ಟೇ. ನೂಲಿನ ಗುಣ, ಬಣ್ಣ, ಉಡುಪಿನ ಚರಿತ್ರೆ, ಬೊಂಬೆಯ ಮೇಲೆ ಬಟ್ಟೆಯನ್ನು ಇಳಿಬಿಟ್ಟು ಆಕಾರ ಕಾಣುವ ಕ್ರಮ, ಕೊನೆಗೆ ಬೆಲೆ ಕಟ್ಟುವ ಲೆಕ್ಕ, ಇವೆಲ್ಲ ಸೇರಿದರೇ ವಿನ್ಯಾಸ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, 1986ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. 1997ರಲ್ಲಿ ಬೆಂಗಳೂರಿಗೂ ಬಂದಿತು. 2006ರ ಕಾಯಿದೆಯ ಬಲದಿಂದ ಅದು ತಾನೇ ಪದವಿ ನೀಡುತ್ತದೆ. ಅಲ್ಲಿನ ಪ್ರವೇಶಕ್ಕೆ ಚಿತ್ರ ಬರೆಯುವ ಪರೀಕ್ಷೆಯ ಜೊತೆಗೆ, ಕೊಟ್ಟ ಸಾಮಗ್ರಿಯಿಂದ ಮಾದರಿಯೊಂದನ್ನು ಕಟ್ಟಿ ತೋರಿಸುವ ಪರೀಕ್ಷೆಯೂ ಉಂಟು. ನಾಲ್ಕು ವರ್ಷಗಳ ಖರ್ಚು ಹಲವು ಲಕ್ಷವಾಗುತ್ತದೆಂಬುದನ್ನು ಮರೆಮಾಚಬಾರದು. ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳಲ್ಲಿಯೂ ಈ ವಿಷಯದ ಪದವಿಗಳಿವೆ. ಯಾವುದೇ ಖಾಸಗಿ ಸಂಸ್ಥೆಗೆ ಹಣ ಕಟ್ಟುವ ಮೊದಲು, ಪದವಿಪತ್ರ ಯಾವ ವಿಶ್ವವಿದ್ಯಾಲಯದ್ದೆಂದು ಪೋಷಕರು ಬರೆಹದಲ್ಲಿಯೇ ಕೇಳಿ ಪಡೆಯಬೇಕು.

ಹುಡುಗಿ ಬೆಂಗಳೂರಿನ ಕಾಲೇಜೊಂದನ್ನು ಸೇರಿದಳು. ಎರಡನೆಯ ವರ್ಷದಲ್ಲಿ ಅವಳ ಚಿತ್ರಪುಸ್ತಕವನ್ನು ನಾವು ನೋಡಿದೆವು. ಪುಟಪುಟದಲ್ಲಿಯೂ ಪ್ಯಾರಿಸ್, ಮಿಲಾನ್! ಕೈ ಚೆನ್ನಾಗಿತ್ತು, ಆದರೆ ಅದು ಯಾರ ಕೈ ಎಂದು ಗುರುತಿಸುವಂತಿರಲಿಲ್ಲ. ಆಗ ನಮಗೆ ನೆನಪಾದವರು ವೆಂಡೆಲ್ ರಾಡ್ರಿಕ್ಸ್.

1960ರಲ್ಲಿ ಜನಿಸಿದ ಈ ಗೋವೆಯ ಕಥೋಲಿಕರು ಮೊದಲು ಹೋಟೆಲ್ ಉದ್ಯಮದಲ್ಲಿದ್ದರು. ಕೂಡಿಟ್ಟ ಹಣದಿಂದ ಅಮೆರಿಕೆಗೆ ಹೋಗಿ ವಿನ್ಯಾಸ ಕಲಿತರು. ಮುಂದೆ ಪ್ಯಾರಿಸ್ಸಿನಲ್ಲಿ ಕೆಲಸ ಕೇಳಲು ಹೋದಾಗ, ನಿಮ್ಮ ಚಿತ್ರಗಳಲ್ಲಿ ನಿಮ್ಮ ದೇಶವೆಲ್ಲಿ ಎಂಬ ಪ್ರಶ್ನೆ ಎದುರಾಯಿತೆಂದು ಅವರೇ ಹೇಳಿಕೊಂಡಿದ್ದರು. ಆ ಪ್ರಶ್ನೆ ಅವರನ್ನು ಗೋವೆಗೇ ಮರಳಿಸಿತು. ಕುಣಬಿ ರೈತ ಹೆಂಗಸರು ಉಡುತ್ತಿದ್ದ, ನೇಯುವವರಿಲ್ಲದೆ ಕಣ್ಮರೆಯಾಗುತ್ತಿದ್ದ ಚೌಕುಳಿಯ ಸೀರೆಯನ್ನು ಮತ್ತೆ ನೇಯಿಸಿ, ಇಂದಿನವರೂ ಉಡುವಂತೆ ಮಾರ್ಪಡಿಸಿ ಲೋಕದ ಮುಂದಿಟ್ಟರು. (ಕುಣಬಿಗಳು ನಮ್ಮ ಜೋಯಿಡಾ ಸೀಮೆಯಲ್ಲಿಯೂ ಇದ್ದಾರೆ.) 2014ರಲ್ಲಿ ಪದ್ಮಶ್ರೀ ಪಡೆದ ಅವರು 2020ರ ಫೆಬ್ರವರಿಯಲ್ಲಿ ಕೊಲ್ವಾಲೆಯ ತಮ್ಮ ಮನೆಯಲ್ಲಿ ತೀರಿಕೊಂಡರು.

ಗೋವೆಯಲ್ಲಿ ಅವರು ಹುಡುಕಿ ತೆಗೆಯಬೇಕಾದದ್ದು ನಮ್ಮ ಹುಡುಗಿಗೆ ಬಾಗಿಲಲ್ಲಿಯೇ ಇತ್ತು. ದೇವನಹಳ್ಳಿ, ಹೊಸಕೋಟೆಯ ತೋಟಗಳಲ್ಲಿ ಹಿಪ್ಪುನೇರಳೆ. ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ, ಗೂಡಿನಿಂದ ನೂಲು ಬಿಚ್ಚುವ ಮನೆಗಳು. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಹಗಲಿರುಳೂ ವಿದ್ಯುತ್ ಮಗ್ಗಗಳ ಸದ್ದು. ಎಲೆಯಿಂದ ಸೀರೆಯವರೆಗಿನ ದಾರಿಯನ್ನು ಒಂದೇ ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ನೋಡಬಹುದಾದ ಜಿಲ್ಲೆಗಳು ಎಷ್ಟಿದ್ದಾವು? ಆ ಸದ್ದಿನ ನಡುವೆಯೇ ಬೆಳೆದವಳಿಗೆ ಅದು ಕೇಳಿಸುವುದೇ ನಿಂತುಹೋಗಿತ್ತು.

ರಜೆಯಲ್ಲಿ ಅವಳು ನೆರೆಯ ಮಗ್ಗದ ಮನೆಯಲ್ಲಿ ಕುಳಿತಳು. ಜಕಾರ್ಡಿನ ರಟ್ಟಿನಲ್ಲಿ ತೂತು ಇರುವಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗುಳಿಯುತ್ತದೆ. ಸೆರಗಿನ ಹೂವೆಲ್ಲ ಈ ಏಳುಬೀಳಿನ ಲೆಕ್ಕವೇ. ಕಷ್ಟವನ್ನೂ ಅವಳು ಅಲ್ಲಿಯೇ ಕಂಡಳು. ಸೂರತ್ತಿನ ಅಗ್ಗದ ಸೀರೆಗಳೆದುರು ನಮ್ಮ ನೇಕಾರರು ಸೋಲುತ್ತಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಮಾರಾಟವಾಗದ ಸೀರೆಗಳು ಮನೆಮನೆಯಲ್ಲಿ ರಾಶಿ ಬಿದ್ದಿದ್ದವು. ಮಾರುಕಟ್ಟೆಯಲ್ಲಿ ಓಡುವ ವಿನ್ಯಾಸವನ್ನು ಪಕ್ಕದವನೂ ನೇಯ್ದರೆ ಎಲ್ಲರ ಬೆಲೆಯೂ ಇಳಿಯುತ್ತದೆ. ಹೊಸ ವಿನ್ಯಾಸವನ್ನು 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ ಮೊದಲಿಗೆ 10 ವರ್ಷ, ಬಳಿಕ ಇನ್ನೂ 5 ವರ್ಷ ರಕ್ಷಣೆ ದೊರೆಯುತ್ತದೆ. ಇದನ್ನು ನೇಕಾರರಿಗೆ ತಿಳಿಸುವವರು ಬೇಕು.

ಇಲ್ಲೊಂದು ಎಚ್ಚರ ಅಗತ್ಯ. ಸ್ವಂತಿಕೆಯ ಹೆಸರಿನಲ್ಲಿ ಇಳಕಲ್ಲಿನ ಸೆರಗನ್ನು ವಿದ್ಯುತ್ ಮಗ್ಗಕ್ಕೇರಿಸುವುದು ಸುಲಭ. ಆದರೆ ಅದು ಅಲ್ಲಿನ ಕೈಮಗ್ಗದವರ ತುತ್ತಿಗೆ ಕೈ ಹಾಕಿದಂತೆ. ಕೆಲವು ಬಗೆಯ ಸೀರೆಗಳನ್ನು 1985ರ ಕಾಯಿದೆ ಕೈಮಗ್ಗಕ್ಕೆಂದೇ ಮೀಸಲಿಟ್ಟಿದೆ. ಹುಡುಗಿ ಮೊದಲು ಅದೇ ದಾರಿ ಹಿಡಿದಿದ್ದಳು. ಕಾಯಿದೆ ಅರಿತ ಮೇಲೆ ತಾನೇ ಆ ಹಾಳೆಗಳನ್ನು ಹರಿದಳು. ಒಂದು ತಿಂಗಳ ಶ್ರಮ ಹೋಯಿತೆಂದು ತಂದೆ ಬೇಸರಪಟ್ಟರು. ಅವಳು ಮಾಡಿದ್ದೇ ಸರಿಯೆಂದು ನಾವು ಹೇಳಿದೆವು.

ಕೊನೆಯ ವರ್ಷದ ಸಂಗ್ರಹಕ್ಕೆ ಅವಳು ಆರಿಸಿಕೊಂಡದ್ದು ತಾಯಿ ಹೊಲಿಯುತ್ತಿದ್ದ ಪರಮಪ್ರಸಾದದ ಬಿಳಿ ಉಡುಪನ್ನು. ಪೇಟೆಯ ನೈಲಾನ್ ಜಾಲರಿಯ ಬದಲು ವಿಜಯಪುರದ ನೂಲು, ಬಣ್ಣ ಹಾಕದ ರೇಷ್ಮೆ. ಅಂಚಿನಲ್ಲಿ ಹಿಪ್ಪುನೇರಳೆ ಎಲೆಯ ಸಣ್ಣ ಸಾಲು, ಅವಳೇ ಬರೆದು ಊರಿನ ಮಗ್ಗದಲ್ಲಿಯೇ ನೇಯಿಸಿದ್ದು. ಹಬ್ಬ ಮುಗಿದ ಬಳಿಕ ಪೆಟ್ಟಿಗೆ ಸೇರದಿರಲೆಂದು, ಮಡಿಕೆ ಬಿಚ್ಚಿ ಎರಡು ವರ್ಷ ದೊಡ್ಡದು ಮಾಡಿಕೊಳ್ಳುವಂತೆ ಕತ್ತರಿಸಿದ್ದಳು.

ತಾಯಿ ಅದನ್ನು ಬೆಳಕಿಗೆ ಹಿಡಿದು ಒಳಗುಹೊರಗು ತಿರುವಿ ನೋಡಿದರು. "ಎಲೆ ಚೆನ್ನಾಗಿದೆ ಕಣಮ್ಮ. ಕಂಕುಳ ಹೊಲಿಗೆ ಮಾತ್ರ ಬಿಟ್ಟುಕೊಳ್ಳುತ್ತೆ, ಕೊಡಿಲ್ಲಿ," ಎಂದು ಯಂತ್ರದ ಮುಂದೆ ಕುಳಿತರು.